ಚಾವಡಿಯಿಂದ ಪಂಚಾಯ್ತಿಗೆ

ನಮ್ಮ ಎಂ.ಕೆ. ಹುಬ್ಬಳ್ಳಿ ಮಲಪ್ರಭಾ ದಂಡೆಯ ಊರು. ಈಗ ಇಲ್ಲಿ ಪಟ್ಟಣ ಪಂಚಾಯ್ತಿ ಇದೆ. ಹಿಂದೆ ಊರ ಆಡಳಿತ ಯಾರ ಕೈಯಲ್ಲಿತ್ತು?

ಆಗ ಊರೂರಿಗೆ ಚಾವಡಿ. ಗೌಡರು ಊರು ನೋಡುತ್ತಿದ್ದರು. ಕುಲಕರ್ಣಿಯವರು ಲೆಕ್ಕ ಬರೆಯುತ್ತಿದ್ದರು. ಅಪ್ಪನ ನಂತರ ಮಗ. ಅದಕ್ಕೆ ಓಟು ಇರಲಿಲ್ಲ. ಹತ್ತಿರದ ಕಿತ್ತೂರಿನಲ್ಲಿ 1824ರಲ್ಲಿ ರಾಣಿ ಚನ್ನಮ್ಮ ಇಂಗ್ಲಿಷರನ್ನು ಎದುರಿಸಿದಳು. ಆದರೂ ಚಾವಡಿಯಲ್ಲಿ ಹೆಂಗಸರಿಗೆ ಜಾಗ ಇರಲಿಲ್ಲ, ನೋಡ್ರಿ!

1956ರಲ್ಲಿ ಬೆಳಗಾವಿ ಜಿಲ್ಲೆ ಮುಂಬಯಿ ಬಿಟ್ಟು ಕನ್ನಡ ನಾಡಿಗೆ ಸೇರಿತು. 1961ರ ಕಾಯ್ದೆ ಗೌಡಕಿ ರದ್ದು ಮಾಡಿತು. 1983ರ ಕಾಯ್ದೆಯಿಂದ ಮಂಡಲ ಪಂಚಾಯ್ತಿ ಬಂತು. ಅದರಲ್ಲಿ 100ಕ್ಕೆ 25 ಸ್ಥಾನ ಹೆಂಗಸರಿಗೆ. 1993ರಲ್ಲಿ ಗ್ರಾಮ ಪಂಚಾಯ್ತಿಯ ಮೂರನೇ ಒಂದು ಪಾಲು. 2010ರಲ್ಲಿ ಅರ್ಧ! ಪಟ್ಟಣ ಪಂಚಾಯ್ತಿಯಲ್ಲೂ ನಮಗೆ ಮೀಸಲು ವಾರ್ಡುಗಳಿವೆ.

ಆದರೆ ಹೆಂಡತಿ ಸದಸ್ಯೆ, ಕುರ್ಚಿ ಮೇಲೆ ಗಂಡ. ಇದನ್ನು ನಾವೂ ನೀವೂ ಕೇಳಿದ್ದೇವೆ, ಅಲ್ಲೇನ್ರಿ? ಸಭೆಯ ಪುಸ್ತಕಕ್ಕೆ ಓದದೆ ಹೆಬ್ಬೆಟ್ಟು ಒತ್ತಿದರೆ, ಒಳಗೆ ಏನು ಬರೆದಿದೆ ಎಂದು ಹೇಗೆ ತಿಳಿಯಬೇಕು?

ಈಗ ನಿಮಗೆ ಅಕ್ಷರ ಬಂದಿದೆ. ಮನೆ ಕರ, ನೀರಿನ ಕರ ಕಟ್ಟಿದಾಗ ರಸೀದಿ ಕೇಳಿ. ಹೆಸರು, ದಿನಾಂಕ, ರೂಪಾಯಿ ಓದಿ. ತಪ್ಪಿದ್ದರೆ ಅಲ್ಲೇ ನಿಂತು ತಿದ್ದಿಸಿ.