ರಕ್ತದಲ್ಲಿ ಜಠರದ ಸುಳಿವು

ಮಾಂಸವನ್ನೂ ಬೇಳೆಯನ್ನೂ ಅರಗಿಸುವ ಜಠರವು ತನ್ನನ್ನು ತಾನೇ ಏಕೆ ಅರಗಿಸಿಕೊಳ್ಳುವುದಿಲ್ಲ? ಇದಕ್ಕೆ ಒಂದು ಕಾರಣವುಂಟು. 1836ರಲ್ಲಿ ಥಿಯೋಡೋರ್ ಷ್ವಾನ್ ಎಂಬ ವಿಜ್ಞಾನಿಯು ಕಂಡುಹಿಡಿದ ಪೆಪ್ಸಿನ್ ಎಂಬ ಕಿಣ್ವವನ್ನು ಜಠರದ ಗ್ರಂಥಿಗಳು ನೇರವಾಗಿ ತಯಾರಿಸುವುದಿಲ್ಲ. ಅವು ತಯಾರಿಸುವುದು ಪೆಪ್ಸಿನೋಜೆನ್ ಎಂಬ ನಿರಪಾಯವಾದ ಪೂರ್ವವಸ್ತುವನ್ನು. ಜಠರದ ಆಮ್ಲದೊಡನೆ ಬೆರೆತಾಗ ಮಾತ್ರ ಅದು ಪೆಪ್ಸಿನ್ ಆಗಿ ಮಾರ್ಪಡುತ್ತದೆ.

ಈ ಪೆಪ್ಸಿನೋಜೆನ್ನಿನ ಅತ್ಯಲ್ಪಾಂಶವು ರಕ್ತವನ್ನೂ ಸೇರುತ್ತದೆ. ಅದರಲ್ಲಿ ಎರಡು ಬಗೆಗಳುಂಟು. ಮೊದಲನೆಯದು ಮುಖ್ಯವಾಗಿ ಜಠರದ ಮೇಲ್ಭಾಗ ಮತ್ತು ನಡುಭಾಗದ ಗ್ರಂಥಿಗಳಲ್ಲಿ ಹುಟ್ಟುತ್ತದೆ. ಎರಡನೆಯದು ಇಡೀ ಜಠರದಲ್ಲಿಯೂ ಸಣ್ಣಕರುಳಿನ ಆರಂಭದಲ್ಲಿಯೂ ಹುಟ್ಟುತ್ತದೆ. ಈ ಭೇದವೇ ವೈದ್ಯರಿಗೆ ದೊರೆತ ಸುಳಿವು.

1982ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಅವರು ಜಠರದಲ್ಲಿ ವಾಸಿಸುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯವನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದರು. ಅವರಿಗೆ 2005ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಈ ಜೀವಿಯಿಂದ ಒಳಪೊರೆಯು ಹಲವು ವರ್ಷ ಉರಿಯೂತಕ್ಕೆ ಒಳಗಾದರೆ, ಕೆಲವರಲ್ಲಿ ಗ್ರಂಥಿಗಳು ನಶಿಸಿ ಪೊರೆಯು ತೆಳುವಾಗುತ್ತದೆ. ಅನೇಕರಿಗೆ ನೋವೇ ಇರುವುದಿಲ್ಲ, ಅಪಾಯವಿರುವುದೂ ಇಲ್ಲಿಯೇ. ಏಕೆಂದರೆ ಇಂಥ ಪೊರೆಯಲ್ಲಿ ಮುಂದೆ ಕ್ಯಾನ್ಸರ್ ಹುಟ್ಟುವ ಸಂಭವವು ಹೆಚ್ಚು.

ಗ್ರಂಥಿಗಳು ನಶಿಸಿದಂತೆ ರಕ್ತದಲ್ಲಿ ಮೊದಲನೆಯ ಬಗೆಯು ಕುಗ್ಗುತ್ತದೆ. ಎರಡನೆಯದು ಅಷ್ಟಾಗಿ ಕುಗ್ಗುವುದಿಲ್ಲ. ಆದುದರಿಂದ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ನೋಡುತ್ತಾರೆ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಬ್ಬನ ರಕ್ತದಲ್ಲಿ ಮಿಲಿಲೀಟರಿಗೆ ಇವು ಕ್ರಮವಾಗಿ 60 ಮತ್ತು 10 ನ್ಯಾನೋಗ್ರಾಂ ಇದ್ದರೆ ಅನುಪಾತ 6; ಇನ್ನೊಬ್ಬನಲ್ಲಿ 30 ಮತ್ತು 15 ಇದ್ದರೆ ಅನುಪಾತ 2. ಜಪಾನಿನಲ್ಲಿ ಬಹುಕಾಲ ಬಳಸಿದ ನಿಯಮದಂತೆ, ಮೊದಲನೆಯ ಬಗೆಯು 70 ನ್ಯಾನೋಗ್ರಾಂ ಅಥವಾ ಅದಕ್ಕೂ ಕಡಿಮೆಯಿದ್ದು, ಅನುಪಾತವೂ 3 ಅಥವಾ ಅದಕ್ಕೂ ಕಡಿಮೆಯಿದ್ದರೆ ಅದು ಎಚ್ಚರಿಕೆಯ ಗುರುತು. ಇಬ್ಬರಲ್ಲಿಯೂ ಮೊದಲನೆಯ ಬಗೆಯು 70ಕ್ಕಿಂತ ಕಡಿಮೆಯಿದೆ. ಅವರನ್ನು ಬೇರ್ಪಡಿಸಿದುದು ಅನುಪಾತ. ಭೌತವಿಜ್ಞಾನದಲ್ಲಿಯೂ ಒಂದು ಅಳತೆಯನ್ನು ಮತ್ತೊಂದರೊಡನೆ ಹೋಲಿಸಿದಾಗಲೇ ಅದರ ಅರ್ಥವು ಎಷ್ಟೋ ವೇಳೆ ಸ್ಪಷ್ಟವಾಗುವುದಲ್ಲವೇ?

ಆದರೆ ಈ ಪರೀಕ್ಷೆಯು ಜರಡಿಯೇ ಹೊರತು ತೀರ್ಪಲ್ಲ. ಆಮ್ಲವನ್ನು ತಗ್ಗಿಸುವ ಔಷಧಗಳೂ ಮೂತ್ರಪಿಂಡದ ವೈಫಲ್ಯವೂ ಈ ಅಂಕಿಗಳನ್ನು ಏರುಪೇರು ಮಾಡುತ್ತವೆ. ಅನುಪಾತವು ಸರಿಯಾಗಿದ್ದವರಲ್ಲಿಯೂ ಕ್ಯಾನ್ಸರ್ ಕಾಣಿಸಿಕೊಳ್ಳಬಹುದು. ಸಂದೇಹ ಬಂದಾಗ ಎಂಡೋಸ್ಕೋಪನ್ನು ಒಳಗಿಳಿಸಿ, ಪೊರೆಯ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಯಾರನ್ನು ಮೊದಲು ಹೀಗೆ ಪರೀಕ್ಷಿಸಬೇಕೆಂಬುದನ್ನು ರಕ್ತವು ತಿಳಿಸುತ್ತದೆ. ನೋವೇ ಇಲ್ಲದ ರೋಗದಲ್ಲಿ ಅಷ್ಟು ತಿಳಿಯುವುದೂ ದೊಡ್ಡ ಲಾಭವೇ ಸರಿ.