ಹಳೆಯ ತಂತ್ರಾಂಶಕ್ಕೆ ಹೊಸ ಲ್ಯಾಪ್‌ಟಾಪ್: ಒಂದು ಬೋಧನಾಭ್ಯಾಸ ಪಾಠ

ಅರಸೀಕೆರೆಯ ಪ್ರೌಢಶಾಲೆಯೊಂದರ ಒಂಬತ್ತನೇ ತರಗತಿಗೆ ನಾನು ಮಾಡಿದ ಪಾಠವಿದು. ಸಮಸ್ಯೆ ಶಾಲೆಯದೇ. ಹಳೆಯ ಕಂಪ್ಯೂಟರ್ ಇಂದೋ ನಾಳೆಯೋ ಎಂಬಂತಿದೆ. ಬೇಲೂರು, ಹಳೇಬೀಡು ಪ್ರವಾಸದ ಟಿಪ್ಪಣಿಗಳೂ ಪ್ರಶ್ನೆಪತ್ರಿಕೆಗಳೂ ಅದರಲ್ಲಿ ‘ನುಡಿ’ಯ ಹಳೆಯ ಫಾಂಟಿನಲ್ಲಿವೆ, ಜೊತೆಗೆ 16 ಬಿಟ್‌ನ ಒಂದು ಗಣಿತದ ಆಟ. ಹೊಸದು ಯಾವುದನ್ನು ಕೊಳ್ಳಬೇಕು?

“ದುಬಾರಿದು ತಗೊಂಡ್ರೆ ಎಲ್ಲಾ ನಡೀತದೆ ಸರ್” ಎಂದಳು ಒಬ್ಬ ವಿದ್ಯಾರ್ಥಿನಿ. ಉತ್ತರವನ್ನು ಕಪ್ಪುಹಲಗೆಯ ಮೇಲೆ ಬರೆದು, ಆ ಫಾಂಟ್ ಇಲ್ಲದ ನನ್ನ ಲ್ಯಾಪ್‌ಟಾಪಿನಲ್ಲಿ ಪ್ರಶ್ನೆಪತ್ರಿಕೆಯೊಂದನ್ನು ತೆರೆದೆ. ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು! ತರಗತಿ ನಕ್ಕಿತು. ಫಾಂಟ್ ಹಾಕಿದೊಡನೆ ಕನ್ನಡ ಮರಳಿತು. ಯುನಿಕೋಡ್‌ಗೆ ಪರಿವರ್ತಿಸಿಟ್ಟರೆ ಆ ತೊಡಕೂ ಇಲ್ಲ.

ಆಟದ ಕಥೆ ಬೇರೆ. ವಿಂಡೋಸ್ 11 ಇರುವುದು 64 ಬಿಟ್‌ನಲ್ಲಿ ಮಾತ್ರ; 16 ಬಿಟ್ ತಂತ್ರಾಂಶ ಅದರಲ್ಲಿ ನೇರವಾಗಿ ನಡೆಯದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವರ್ಚುವಲ್‌ಬಾಕ್ಸ್‌ನೊಳಗೆ 32 ಬಿಟ್‌ನ ಹಳೆಯ ವಿಂಡೋಸ್ ಕೂರಿಸುವುದೇ ನನಗೆ ಸರಿಕಂಡದ್ದು. ಹೊರಗೆ ಉಬುಂಟು ಇದ್ದರೂ ನಡೆಯುತ್ತದೆ, ಹಣವೂ ಉಳಿಯುತ್ತದೆ. ಪ್ರೊಸೆಸರ್ ಇಂಟೆಲ್ ಅಥವಾ ಎಎಂಡಿ ಇರಲಿ, ಆರ್ಮ್ ಬೇಡ. ಒಳಗಿನ ಹಳೆಯ ವಿಂಡೋಸಿಗೆ ಅಂತರಜಾಲ ಕೊಡಬಾರದು.

ಮೌಲ್ಯಮಾಪನಕ್ಕೆ, ಊರಿನ ಡಿ.ಟಿ.ಪಿ. ಅಂಗಡಿಗಳಲ್ಲಿ ಯಾವ ಹಳೆಯ ತಂತ್ರಾಂಶ ಯಾವ ವಿಂಡೋಸ್‌ನಲ್ಲಿ ಇನ್ನೂ ನಡೆಯುತ್ತಿದೆಯೆಂದು ಕೇಳಿ ಬರೆದು ತರಲು ಹೇಳಿದ್ದೇನೆ.