ಅನುಮತಿಗೆ ಮೊದಲೇ ಕರಾರು: ಸ್ಯಾಡಲ್‌ಬೋ ಕಲಿಸುವ ಪಾಠ

ಇಂಗ್ಲೆಂಡಿನ ನಾರ್ಫೋಕ್ ಕೌಂಟಿಯಲ್ಲಿ, ಕಿಂಗ್ಸ್ ಲಿನ್ ಪಟ್ಟಣದ ಸಮೀಪವಿರುವ ಸಣ್ಣ ಗ್ರಾಮ ಸ್ಯಾಡಲ್‌ಬೋ. ಕಸವನ್ನು ಸುಟ್ಟು ವಿದ್ಯುತ್ ಉತ್ಪಾದಿಸುವ ಘಟಕವನ್ನು ಇಲ್ಲಿ ಸ್ಥಾಪಿಸಲು ಕೌಂಟಿ ಮಂಡಳಿಯು ಉದ್ದೇಶಿಸಿತ್ತು. 2011ರಲ್ಲಿ ಪಶ್ಚಿಮ ನಾರ್ಫೋಕ್‌ನಲ್ಲಿ ನಡೆದ ಜನಾಭಿಪ್ರಾಯ ಮತದಾನದಲ್ಲಿ 65,000ಕ್ಕೂ ಹೆಚ್ಚು ಮಂದಿ ಯೋಜನೆಯನ್ನು ವಿರೋಧಿಸಿದರು. ಆದರೂ 2012ರ ಫೆಬ್ರವರಿಯಲ್ಲಿ, ನಿರ್ಮಾಣಕ್ಕೆ ಅನುಮತಿ ದೊರೆಯುವ ಮೊದಲೇ, ಮಂಡಳಿಯು ಗುತ್ತಿಗೆದಾರರೊಡನೆ ಕರಾರಿಗೆ ಸಹಿ ಹಾಕಿತು.

ಅನುಮತಿಯ ಪ್ರಶ್ನೆಯನ್ನು ಬಳಿಕ ಕೇಂದ್ರ ಸರ್ಕಾರವೇ ಕೈಗೆತ್ತಿಕೊಂಡಿತು, ತೀರ್ಮಾನ ವಿಳಂಬವಾಯಿತು. 2013ರ ಅಕ್ಟೋಬರ್‌ನಲ್ಲಿ 16.9 ಕೋಟಿ ಪೌಂಡ್‌ಗಳ ಸರ್ಕಾರಿ ನೆರವನ್ನೂ ಹಿಂಪಡೆಯಲಾಯಿತು. 2014ರ ಏಪ್ರಿಲ್‌ನಲ್ಲಿ ಮಂಡಳಿಯು ಕರಾರನ್ನು ಕೊನೆಗೊಳಿಸಲು ನಿರ್ಧರಿಸಿ, 3 ಕೋಟಿ ಪೌಂಡ್‌ಗಳಿಗೂ ಅಧಿಕ ಪರಿಹಾರವನ್ನು ತೆರಬೇಕಾಯಿತು. ಘಟಕ ಮೇಲೇಳಲಿಲ್ಲ, ಹೊರೆ ಮಾತ್ರ ತೆರಿಗೆದಾರರ ಮೇಲೆ ಉಳಿಯಿತು.

ಯಂತ್ರ, ನಿವೇಶನ ಅಥವಾ ಕಾಮಗಾರಿಯ ಕರಾರು ಮಾಡಿಕೊಳ್ಳುವ ಉದ್ದಿಮೆದಾರರು ಇದರಿಂದ ಮೂರು ಅಂಶಗಳನ್ನು ಗಮನಿಸತಕ್ಕದ್ದು:

1. ಅನುಮತಿ ದೊರೆತರೆ ಮಾತ್ರ ಕರಾರು ಜಾರಿಗೆ ಬರುವುದೆಂಬ ಪೂರ್ವಶರತ್ತು ಇರಬೇಕು.

2. ರದ್ದತಿಯಿಂದ ತೆರಬೇಕಾಗುವ ಗರಿಷ್ಠ ಮೊತ್ತವನ್ನು ಮೊದಲೇ ಲೆಕ್ಕ ಹಾಕಿ, ಅದನ್ನು ಭರಿಸುವ ಶಕ್ತಿ ಸಂಸ್ಥೆಗಿದೆಯೇ ಎಂದು ಪರೀಕ್ಷಿಸಬೇಕು.

3. ಸಹಾಯಧನ ಕೈತಪ್ಪಿದರೂ ಯೋಜನೆ ಲಾಭದಾಯಕವಾಗಿ ಉಳಿಯುವುದೇ ಎಂಬುದನ್ನು ಪರಿಶೀಲಿಸಬೇಕು.

ಕರಾರಿನಿಂದ ಹೊರಬರುವ ವೆಚ್ಚವೂ ಬಂಡವಾಳದ ಲೆಕ್ಕದಲ್ಲಿಯೇ ಸೇರತಕ್ಕದ್ದು.